ರೂಟ್ ಕೆನಾಲ್ ಕೆಟ್ಟಾಗ: ನೋವು ಯಾರದು, ಖರ್ಚು ಯಾರದು?

ಹುಳುಕು ಆಳಕ್ಕಿಳಿದ ದವಡೆ ಹಲ್ಲನ್ನು ಒಂದು ತಲೆಮಾರಿನ ಹಿಂದೆ ನಮ್ಮ ಊರುಗಳಲ್ಲಿ ಕೀಳಿಸಿಕೊಂಡು ಬರುತ್ತಿದ್ದರು. ಈಗ ತಾಲ್ಲೂಕು ಕೇಂದ್ರಗಳಲ್ಲೂ ‘ಕೀಳೋದು ಬೇಡ, ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕೋಣ’ ಎನ್ನುವ ದಂತವೈದ್ಯರಿದ್ದಾರೆ. ಸ್ವಂತ ಹಲ್ಲಿಗೆ ಸಮನಾದ ಕಟ್ಟುಹಲ್ಲು ಇನ್ನೂ ಬಂದಿಲ್ಲವಾದ್ದರಿಂದ ಇದು ಒಳ್ಳೆಯ ಬದಲಾವಣೆಯೇ. ಆದರೆ ಇದರ ಬೆನ್ನಿಗೇ ಇನ್ನೊಂದು ಮಾತೂ ಮನೆಮನೆಯಲ್ಲಿ ಕೇಳಿಬರುತ್ತಿದೆ: ‘ಅಷ್ಟು ದುಡ್ಡು ಕೊಟ್ಟು ನರ ತೆಗೆಸಿದೆ, ಅದೇ ಹಲ್ಲು ಮತ್ತೆ ನೋಯ್ತಿದೆ.’ ಮೊದಲು ಮಾಡಿದ ವೈದ್ಯರು ‘ಸ್ವಲ್ಪ ದಿನ ನೋಡಿ’ ಎನ್ನುತ್ತಾರೆ. ಎರಡನೆಯವರು ಎಕ್ಸ್‌ರೇ ನೋಡಿ ತಲೆಯಾಡಿಸುತ್ತಾರೆ. ಮೂರನೆಯವರು ಕೀಳಿಸಿ ಇಂಪ್ಲಾಂಟ್ ಹಾಕಿಸಿ ಎನ್ನುತ್ತಾರೆ. ಪ್ರತಿ ಮೆಟ್ಟಿಲಲ್ಲೂ ಬಿಲ್ಲು ಬೆಳೆಯುತ್ತದೆ.

ಈ ಚಿಕಿತ್ಸೆ ಎಲ್ಲೆಲ್ಲಿ, ಯಾಕೆ ಕೆಡುತ್ತದೆ? ಕೆಟ್ಟದ್ದನ್ನು ಸರಿಪಡಿಸಬಹುದೆ? ಅದಕ್ಕೆ ಏನು ಖರ್ಚು, ಅದರ ಹೊಣೆ ಯಾರದು? ಗೊತ್ತಿರುವ ಸಂಗತಿಗಳನ್ನು ಒಂದೆಡೆ ಇಟ್ಟು ನೋಡುವ ಪ್ರಯತ್ನ ಇದು.

ಚಿಕಿತ್ಸೆ ಏನು, ಎಷ್ಟು ಫಲಿಸುತ್ತದೆ

ಹಲ್ಲಿನ ಹೊರಗೆ ಗಟ್ಟಿಯಾದ ಎನಾಮಲ್, ಅದರೊಳಗೆ ಡೆಂಟಿನ್, ನಡುವಿನ ಪೊಳ್ಳಿನಲ್ಲಿ ನರ ಮತ್ತು ರಕ್ತನಾಳಗಳಿರುವ ಮೆತ್ತನೆಯ ತಿರುಳು. ಈ ತಿರುಳು ಬೇರುಗಳೊಳಗಿನ ಸಣ್ಣ ನಾಳಗಳಲ್ಲಿ ತುದಿಯವರೆಗೂ ಇಳಿದಿರುತ್ತದೆ. ಹುಳುಕಿನ ದಾರಿಯಲ್ಲಿ ಬ್ಯಾಕ್ಟೀರಿಯಾ ಒಳಹೊಕ್ಕರೆ ತಿರುಳು ಊದಿಕೊಂಡು, ಸತ್ತು, ಸೋಂಕು ಬೇರಿನ ತುದಿಯಿಂದ ದವಡೆಯ ಎಲುಬಿಗೆ ಇಳಿಯುತ್ತದೆ. ಇದರ ಮೂಲ ಕಾರಣ ಬ್ಯಾಕ್ಟೀರಿಯಾವೇ ಎಂಬುದನ್ನು 1965ರಲ್ಲಿ ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಜೆರಾಲ್ಡ್ ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿಕೊಟ್ಟರು. ಹಲ್ಲು ಕೊರೆದು ತಿರುಳನ್ನು ತೆರೆದಿಟ್ಟಾಗ ಸಾಮಾನ್ಯ ಇಲಿಗಳಲ್ಲಿ ಅದು ಕೊಳೆಯಿತು. ರೋಗಾಣುಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳಲ್ಲಿ ಆಹಾರದ ಚೂರು ಹೊಕ್ಕರೂ ತಿರುಳು ತಾನಾಗಿ ಮಾಯಿತು.

ಹಾಗಾಗಿ ರೂಟ್ ಕೆನಾಲ್‌ನ ಗುರಿ ಒಂದೇ: ಒಳಗಿನ ಸೋಂಕನ್ನು ತೆಗೆಯುವುದು, ಮತ್ತೆ ಹೊಗದಂತೆ ಮುಚ್ಚುವುದು. ಸೂಜಿಯಂಥ ಫೈಲುಗಳಿಂದ ನಾಳ ಕೆರೆದು, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆದು, ಗಟಾಪರ್ಚಾ ಎಂಬ ರಬ್ಬರಿನಂಥ ವಸ್ತುವನ್ನು ತುಂಬುತ್ತಾರೆ. ಗಟಾಪರ್ಚಾ ಆಗ್ನೇಯ ಏಷ್ಯಾದ, ನಮ್ಮ ಸಪೋಟಾದ ಕುಟುಂಬಕ್ಕೇ ಸೇರಿದ ಒಂದು ಮರದ ಹಾಲಿನಿಂದ ಸಿಗುವ ವಸ್ತು. ಕೊನೆಗೆ ಮೇಲ್ಭಾಗವನ್ನು ಕಟ್ಟಿ ಕ್ಯಾಪ್ ತೊಡಿಸುತ್ತಾರೆ. ಈ ಎಲ್ಲ ಹಂತಗಳೂ ಬರಿಗಣ್ಣಿಗೆ ಕಾಣದ ಜಾಗದಲ್ಲಿ, ಒಂದು ಮಿಲಿಮೀಟರ್‌ಗೂ ಕಿರಿದಾದ ನಾಳಗಳಲ್ಲಿ ನಡೆಯಬೇಕು. ಎಡವಲು ಅವಕಾಶ ಎಷ್ಟಿದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಆದರೂ ಫಲಿತಾಂಶ ಕೆಟ್ಟದ್ದೇನಲ್ಲ. ಲಂಡನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಎನ್‌ಜಿ, ಮ್ಯಾನ್ ಮತ್ತು ಗುಲಾಬಿವಾಲಾ ಅವರ ಅಧ್ಯಯನ ಈ ವಿಷಯದಲ್ಲಿ ಹೆಚ್ಚು ಉಲ್ಲೇಖವಾಗುವಂಥದ್ದು. ಮೊದಲ ಬಾರಿ ಚಿಕಿತ್ಸೆ ಪಡೆದ ಬೇರುಗಳಲ್ಲಿ ಶೇ 83ರಷ್ಟು ಎಕ್ಸ್‌ರೇಯಲ್ಲಿ ಪೂರ್ತಿ ಗುಣವಾಗಿದ್ದವು. ಮರುಚಿಕಿತ್ಸೆಯಲ್ಲೂ ಈ ಪ್ರಮಾಣ ಶೇ 80 ಇತ್ತು. ನಾಲ್ಕು ವರ್ಷಗಳ ನಂತರ ಬಾಯಲ್ಲೇ ಉಳಿದಿದ್ದ ಹಲ್ಲುಗಳು ಶೇ 95. ಅಮೆರಿಕದ ವಿಮಾ ದಾಖಲೆಗಳಿಂದ 14 ಲಕ್ಷಕ್ಕೂ ಹೆಚ್ಚು ಹಲ್ಲುಗಳನ್ನು ಪರಿಶೀಲಿಸಿದ 2004ರ ಅಧ್ಯಯನದಲ್ಲಿ ಎಂಟು ವರ್ಷದ ನಂತರವೂ ಶೇ 97 ಹಲ್ಲುಗಳು ಉಳಿದಿದ್ದವು.

ಈ ಅಂಕಿಗಳನ್ನು ಓದುವಾಗ ಎರಡು ಎಚ್ಚರ ಬೇಕು. ಹಲ್ಲು ಬಾಯಲ್ಲಿ ಉಳಿಯುವುದು ಬೇರೆ, ಬೇರಿನ ತುದಿಯ ರೋಗ ವಾಸಿಯಾಗುವುದು ಬೇರೆ; ನೋವಿಲ್ಲದೆ ನಿಂತಿರುವ ಹಲ್ಲಿನ ಕೆಳಗೂ ಸೋಂಕು ತಣ್ಣಗೆ ಇರಬಲ್ಲದು. ಎರಡನೆಯದಾಗಿ, ಲಂಡನ್ನಿನ ಅಂಕಿಗಳು ಬಂದದ್ದು ತಜ್ಞರ ನಿಗಾ, ಸರಿಯಾದ ಸಲಕರಣೆ ಮತ್ತು ಸಾಕಷ್ಟು ಸಮಯ ಇದ್ದ ಬೋಧನಾ ಆಸ್ಪತ್ರೆಯಿಂದ. ಸಂಜೆ ಆರರಿಂದ ಒಂಬತ್ತರೊಳಗೆ ಹತ್ತಾರು ರೋಗಿಗಳನ್ನು ನೋಡುವ ಕ್ಲಿನಿಕ್ಕಿಗೂ ಅದೇ ಫಲ ಸಿಗುತ್ತದೆಂದು ಊಹಿಸುವಂತಿಲ್ಲ.

ಕುರ್ಚಿಯಲ್ಲೇ ಆಗುವ ಅವಘಡಗಳು

ಸದ್ದಿಲ್ಲದೆ ಆಗುವ ಲೋಪವೇ ಇವುಗಳಲ್ಲಿ ಮೊದಲನೆಯದು: ಒಂದು ನಾಳ ಕೈತಪ್ಪುವುದು. ಮೇಲ್ದವಡೆಯ ಮೊದಲ ದವಡೆ ಹಲ್ಲಿಗೆ ಮೂರು ಬೇರು. ನಾಳಗಳೂ ಮೂರೇ ಎಂದು ಹಿಂದೆ ಭಾವಿಸುತ್ತಿದ್ದರು. ಸೂಕ್ಷ್ಮದರ್ಶಕ ಮತ್ತು ಮೂರು ಆಯಾಮದ ಸ್ಕ್ಯಾನ್ ಬಂದ ಮೇಲೆ, ಇವುಗಳಲ್ಲಿ ಹೆಚ್ಚಿನವಕ್ಕೆ ಕೆನ್ನೆಯ ಕಡೆಯ ಮುಂದಿನ ಬೇರಿನಲ್ಲಿ ನಾಲ್ಕನೆಯ ನಾಳವೂ ಇರುತ್ತದೆ ಎಂಬುದು ಖಚಿತವಾಯಿತು. ಅದು ಕೂದಲೆಳೆಯಷ್ಟು ಕಿರಿದು. ಹುಡುಕಿದವರಿಗೆ ಮಾತ್ರ ಸಿಗುತ್ತದೆ. ಮೂರನ್ನು ಚೆನ್ನಾಗಿ ತುಂಬಿ ನಾಲ್ಕನೆಯದನ್ನು ಬಿಟ್ಟರೆ ಎಕ್ಸ್‌ರೇ ನೋಡಲು ಸುಂದರವಾಗಿರುತ್ತದೆ, ರೋಗ ಮಾತ್ರ ಉಳಿದಿರುತ್ತದೆ. ಬಿಟ್ಟುಹೋದ ನಾಳಗಳಲ್ಲಿ, ಅರ್ಧ ತುಂಬಿದ ನಾಳಗಳಲ್ಲಿ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಬದುಕುತ್ತವೆ. ವಿಫಲವಾದ ಹಲ್ಲುಗಳಲ್ಲಿ ಮತ್ತೆ ಮತ್ತೆ ಸಿಗುವ ಎಂಟರೊಕಾಕಸ್ ಫೀಕಾಲಿಸ್ ಎಂಬುದು ಆಹಾರ ಸಿಗದಿದ್ದರೂ, ಔಷಧಿ ಹಾಕಿದರೂ ತಾಳಿಕೊಳ್ಳುವಲ್ಲಿ ಗಟ್ಟಿಗ.

ಎರಡನೆಯದು ಫೈಲು ಮುರಿಯುವುದು. ಮೊದಲೆಲ್ಲ ಸ್ಟೀಲ್ ಫೈಲುಗಳಿದ್ದವು. 1988ರಲ್ಲಿ ವಾಲಿಯಾ ಮತ್ತು ಸಂಗಡಿಗರು ಹಲ್ಲು ಸರಿಪಡಿಸುವ ತಂತಿಗೆ ಬಳಸುವ ನಿಕಲ್-ಟೈಟಾನಿಯಂ ಮಿಶ್ರಲೋಹದಿಂದ ಫೈಲು ಮಾಡಿ ತೋರಿಸಿದರು. ಅದು ಬಾಗಿದ ನಾಳದೊಳಗೂ ಬಳುಕಿಕೊಂಡು ಇಳಿಯುತ್ತದೆ. ಇಂದಿನ ಯಂತ್ರಚಾಲಿತ ಚಿಕಿತ್ಸೆ ನಿಂತಿರುವುದೇ ಅದರ ಮೇಲೆ. ಆದರೆ ಅದು ಮುನ್ಸೂಚನೆ ಕೊಡದೆ ಮುರಿಯುತ್ತದೆ. ತಿರುವಿನಲ್ಲಿ ಸುತ್ತಿ ಸುತ್ತಿ ದಣಿದ ಫೈಲನ್ನು ಇನ್ನೊಬ್ಬ ರೋಗಿಗೂ ಬಳಸಿದರೆ ಅಪಾಯ ಹೆಚ್ಚುತ್ತದೆ. ನಾಳದೊಳಗೆ ತುಂಡು ಉಳಿಯಿತು ಎಂದರೆ ಯಾರಿಗಾದರೂ ಗಾಬರಿಯಾಗುತ್ತದೆ. ಆದರೆ ಮೆಲ್ಬರ್ನ್‌ನ ತಜ್ಞರು 2005ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ತುಂಡು ಉಳಿದ ಹಲ್ಲುಗಳೂ ಬಹುಮಟ್ಟಿಗೆ ಬೇರೆ ಹಲ್ಲುಗಳಷ್ಟೇ ಗುಣವಾಗಿದ್ದವು. ಬೇರಿನ ತುದಿಯಲ್ಲಿ ಮೊದಲೇ ಸೋಂಕು ಇದ್ದಲ್ಲಿ ಮಾತ್ರ ಫಲ ಸ್ವಲ್ಪ ಇಳಿದಿತ್ತು. ತುಂಡು ತಾನಾಗಿ ವಿಷವಲ್ಲ. ಅದರಿಂದಾಚೆಗಿನ ಭಾಗ ಸ್ವಚ್ಛವಾಯಿತೆ ಎಂಬುದೇ ಮುಖ್ಯ.

ಮೂರನೆಯದು ರಂಧ್ರ. ನಾಳ ಹುಡುಕುತ್ತಾ ಡ್ರಿಲ್ ಹಲ್ಲಿನ ತಳವನ್ನೋ ಬೇರಿನ ಗೋಡೆಯನ್ನೋ ತೂತು ಮಾಡಬಹುದು. 1990ರ ದಶಕದವರೆಗೂ ಇಂಥ ಹಲ್ಲುಗಳ ಗತಿ ಹೆಚ್ಚಾಗಿ ಇಕ್ಕಳವೇ ಆಗಿತ್ತು. ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ ಅವರು ರೂಪಿಸಿದ ಎಂಟಿಎ ಎಂಬ ಸಿಮೆಂಟ್ ಈ ಚಿತ್ರವನ್ನು ಬದಲಿಸಿತು. ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಸಂಬಂಧಿಯಾದ ಇದು ತೇವದಲ್ಲೂ ಗಟ್ಟಿಯಾಗಿ ರಂಧ್ರವನ್ನು ಮುಚ್ಚುತ್ತದೆ. ರಂಧ್ರವಾದ ದಿನವೇ ಗುರುತಿಸಿ ಮುಚ್ಚಿದರೆ ಹಲ್ಲು ಉಳಿಯುವ ಸಾಧ್ಯತೆ ಹೆಚ್ಚು. ಗಮನಿಸದೆ ಬಿಟ್ಟರೆ ಅಲ್ಲಿಂದ ಎಲುಬು ಕರಗುತ್ತದೆ.

ನಾಲ್ಕನೆಯದು ತೊಳೆಯುವ ದ್ರಾವಣದ ಅಪಘಾತ. ಹೈಪೋಕ್ಲೋರೈಟ್ ಎಂದರೆ ಬಟ್ಟೆ ಬಿಳುಪಾಗಿಸುವ ಬ್ಲೀಚಿನ ಜಾತಿಯದೇ. ಕೊಳೆತ ತಿರುಳನ್ನು ಕರಗಿಸಿ ಬ್ಯಾಕ್ಟೀರಿಯಾ ಕೊಲ್ಲುವಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಸಿರಿಂಜಿನ ಸೂಜಿಯನ್ನು ನಾಳಕ್ಕೆ ಬಿಗಿಯಾಗಿ ಸಿಕ್ಕಿಸಿ ಜೋರಾಗಿ ಒತ್ತಿದರೆ ದ್ರಾವಣ ಬೇರಿನ ತುದಿಯಾಚೆಯ ಜೀವಂತ ಅಂಗಾಂಶಕ್ಕೆ ನುಗ್ಗುತ್ತದೆ. ಆ ಕ್ಷಣವೇ ತಡೆಯಲಾಗದ ಉರಿನೋವು, ನಿಮಿಷಗಳಲ್ಲಿ ಮುಖದ ಬಾವು, ಕೆನ್ನೆ-ಕಣ್ಣಿನ ಸುತ್ತ ನೀಲಿಗಟ್ಟುವುದು. ಬಹುಪಾಲು ಇದು ಕೆಲವು ವಾರಗಳಲ್ಲಿ ಇಳಿಯುತ್ತದೆ; ಅಪರೂಪಕ್ಕೆ ಸ್ಪರ್ಶಜ್ಞಾನ ಕುಂದಬಹುದು. ಪಕ್ಕದಲ್ಲಿ ತೂತಿರುವ ಸೂಜಿ ಬಳಸಿ, ತುದಿಗಿಂತ ಮೇಲೆಯೇ ನಿಲ್ಲಿಸಿ, ನಿಧಾನವಾಗಿ ಹರಿಸಿದರೆ ಬಹುತೇಕ ತಪ್ಪಿಸಬಹುದಾದ ಅಪಘಾತ ಇದು.

ಐದನೆಯದು ನರದ ಗಾಯ. ಕೆಳದವಡೆಯ ಹಿಂದಿನ ಹಲ್ಲುಗಳ ಬೇರಿನ ತುದಿಗೆ ಹತ್ತಿರದಲ್ಲೇ ತುಟಿ ಮತ್ತು ಗಲ್ಲಕ್ಕೆ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ. ತುಂಬುವ ಪೇಸ್ಟ್ ತುದಿ ದಾಟಿ ಆ ನರದ ಮೇಲೆ ಬಿದ್ದರೆ ಅರ್ಧ ತುಟಿ ಮರಗಟ್ಟುತ್ತದೆ ಅಥವಾ ಜೋಮು ಹಿಡಿದಂತೆ ಉರಿಯುತ್ತದೆ. ಹಿಂದೆ ಬಳಕೆಯಲ್ಲಿದ್ದ ಪ್ಯಾರಾಫಾರ್ಮಾಲ್ಡಿಹೈಡ್ ಬೆರೆತ ಪೇಸ್ಟ್‌ಗಳು ಈ ವಿಷಯದಲ್ಲಿ ಕುಖ್ಯಾತ. ಅರಿವಳಿಕೆಯ ಮರಗಟ್ಟುವಿಕೆ ಕೆಲವು ಗಂಟೆಗಳಲ್ಲಿ ಇಳಿಯಬೇಕು. ಮರುದಿನವೂ ತುಟಿ ಮರಗಟ್ಟಿಯೇ ಇದ್ದರೆ ‘ನಾಳೆ ಸರಿಹೋಗತ್ತೆ’ ಎಂದು ಕಾಯಬಾರದು. ಮೊದಲ ಒಂದೆರಡು ದಿನಗಳಲ್ಲೇ ತಜ್ಞರಿಗೆ ತೋರಿಸಿದರೆ ಸರಿಪಡಿಸುವ ಅವಕಾಶ ಹೆಚ್ಚು.

ಇನ್ನು, ಫೈಲು ಕೈಜಾರಿ ಗಂಟಲಿಗೆ ಹೋಗುವುದು. ಹೊಟ್ಟೆಗೆ ಹೋದರೆ ನಿಗಾ ಬೇಕು. ಶ್ವಾಸನಾಳಕ್ಕೆ ಹೋದರೆ ತುರ್ತು ಸ್ಥಿತಿ. ಇದನ್ನು ತಡೆಯುವ ಸಾಧನ ನಿನ್ನೆ ಮೊನ್ನೆ ಬಂದದ್ದಲ್ಲ. ನ್ಯೂಯಾರ್ಕಿನ ಸ್ಯಾನ್‌ಫರ್ಡ್ ಬಾರ್ನಮ್ ಎಂಬ ದಂತವೈದ್ಯ 1864ರಲ್ಲೇ ರಬ್ಬರ್ ಡ್ಯಾಮ್ ಕಂಡುಹಿಡಿದಿದ್ದರು. ಇದು ತೂತು ಮಾಡಿದ ತೆಳು ರಬ್ಬರ್ ಹಾಳೆ. ಚಿಕಿತ್ಸೆ ಬೇಕಾದ ಹಲ್ಲು ಮಾತ್ರ ಹೊರಗಿದ್ದು ಉಳಿದ ಬಾಯಿ ಮುಚ್ಚಿರುತ್ತದೆ. ಸಲಕರಣೆ ಗಂಟಲಿಗೆ ಬೀಳುವುದಿಲ್ಲ, ಎಂಜಲಿನ ಬ್ಯಾಕ್ಟೀರಿಯಾ ನಾಳಕ್ಕೆ ಇಳಿಯುವುದಿಲ್ಲ, ಹೈಪೋಕ್ಲೋರೈಟ್ ನಾಲಿಗೆಗೆ ತಾಗುವುದಿಲ್ಲ. ಬೆಲೆಯೂ ಹೆಚ್ಚಿಲ್ಲ. ಆದರೂ ಇದನ್ನು ಹಾಕದೆಯೇ ಕೆಲಸ ಮುಗಿಸುವ ಕ್ಲಿನಿಕ್ಕುಗಳು ನಮ್ಮಲ್ಲಿ ಅಪರೂಪವಲ್ಲ.

ಕುರ್ಚಿಯಿಂದ ಇಳಿದ ಮೇಲೆ

ಚಿಕಿತ್ಸೆಯ ನಂತರದ ಎಲ್ಲ ನೋವೂ ವೈಫಲ್ಯವಲ್ಲ. ‘ನರವನ್ನೇ ತೆಗೆದ ಮೇಲೆ ನೋವು ಎಲ್ಲಿಂದ?’ ಎಂದು ರೋಗಿಗಳು ಕೇಳುತ್ತಾರೆ. ಬೇರನ್ನು ಎಲುಬಿಗೆ ಹಿಡಿದಿಟ್ಟಿರುವ ತಂತುಗಳಿಗೆ ಅವುಗಳದೇ ನರಗಳಿವೆ. ಕೆರೆತ, ತೊಳೆತದಿಂದ ಅವು ಕೆರಳಿರುತ್ತವೆ. ಮೂರು-ನಾಲ್ಕು ದಿನ ಕಚ್ಚಿದರೆ ನೋಯುವುದು ಸಾಮಾನ್ಯ, ಸಾಮಾನ್ಯ ನೋವಿನ ಮಾತ್ರೆಗೆ ಅದು ಬಗ್ಗುತ್ತದೆ. ಕೆಲವರಲ್ಲಿ ಮಾತ್ರ ಚಿಕಿತ್ಸೆಯ ಒಂದೆರಡು ದಿನದಲ್ಲಿ ತೀವ್ರ ನೋವು, ಬಾವು ಕೆರಳುತ್ತದೆ. ಆಗ ಮತ್ತೆ ವೈದ್ಯರ ಬಳಿ ಹೋಗಲೇಬೇಕು. ಇಂಥ ಕೆರಳಿಕೆಯಿಂದ ಕೊನೆಯ ಫಲಿತಾಂಶ ಕೆಡುತ್ತದೆ ಎಂದೇನಿಲ್ಲ.

ನಿಜವಾದ ವೈಫಲ್ಯ ಸಾಮಾನ್ಯವಾಗಿ ತಿಂಗಳುಗಳ, ವರ್ಷಗಳ ನಂತರ ತಲೆಯೆತ್ತುತ್ತದೆ. ಒಸಡಿನ ಮೇಲೆ ಬಂದು ಹೋಗುವ ಗುಳ್ಳೆ, ಅದರಿಂದ ಒಸರುವ ಕೀವು, ಕಚ್ಚಿದರೆ ಮಂದನೋವು, ಕೆಲವೊಮ್ಮೆ ಯಾವ ಸೂಚನೆಯೂ ಇಲ್ಲದೆ ಎಕ್ಸ್‌ರೇಯಲ್ಲಿ ಬೇರಿನ ತುದಿಯ ಕಪ್ಪು ನೆರಳು. ಯುರೋಪಿನ ಎಂಡೊಡಾಂಟಿಕ್ಸ್ (ಹಲ್ಲಿನ ತಿರುಳು-ಬೇರಿನ ಚಿಕಿತ್ಸೆ) ತಜ್ಞರ ಸಂಘ ಕನಿಷ್ಠ ಒಂದು ವರ್ಷದ ನಂತರ ಎಕ್ಸ್‌ರೇ ತೆಗೆದು ನೋಡಬೇಕು, ಸಂದೇಹವಿದ್ದರೆ ನಾಲ್ಕು ವರ್ಷದವರೆಗೂ ಗಮನಿಸಬೇಕು ಎನ್ನುತ್ತದೆ. ನಮ್ಮಲ್ಲಿ ನೋವು ನಿಂತ ದಿನವೇ ವೈದ್ಯರ ಮತ್ತು ರೋಗಿಯ ಸಂಬಂಧವೂ ನಿಲ್ಲುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಕ್ಯಾಪ್ ಹಾಕಿಸದೆ ಬಿಡುವುದು. ನಾಳ ತುಂಬಿದ ಮೇಲೆ ತಾತ್ಕಾಲಿಕ ಸಿಮೆಂಟ್ ಹಾಕಿ ‘ಮುಂದಿನ ವಾರ ಬನ್ನಿ’ ಎಂದು ಕಳಿಸುತ್ತಾರೆ. ನೋವು ಹೋಗಿದೆ, ಕೈಯಲ್ಲಿ ದುಡ್ಡಿಲ್ಲ, ಮದುವೆ ಸೀಸನ್ನು, ಮಕ್ಕಳ ಫೀಸು. ಮುಂದಿನ ವಾರ ಎಂಬುದು ಮುಂದಿನ ವರ್ಷವಾಗುತ್ತದೆ. ಅಷ್ಟರಲ್ಲಿ ಸಿಮೆಂಟ್ ಸವೆದು ಎಂಜಲು ನಾಳಕ್ಕೆ ಇಳಿಯುತ್ತದೆ. ರೇ ಮತ್ತು ಟ್ರೋಪ್ ಅವರು 1995ರಲ್ಲಿ ಸಾವಿರಕ್ಕೂ ಹೆಚ್ಚು ಹಲ್ಲುಗಳ ಎಕ್ಸ್‌ರೇ ನೋಡಿ, ಒಳಗಿನ ತುಂಬುವಿಕೆಯಷ್ಟೇ ಏಕೆ, ಅದಕ್ಕಿಂತಲೂ ಹೆಚ್ಚಾಗಿ ಮೇಲಿನ ಮುಚ್ಚುವಿಕೆಯ ಗುಣಮಟ್ಟ ಮುಖ್ಯ ಎಂದು ವಾದಿಸಿದರು. ಎರಡೂ ಚೆನ್ನಾಗಿರಬೇಕು ಎಂಬುದು ಮುಂದೆ ಬಂದ ಅಧ್ಯಯನಗಳ ಒಟ್ಟು ಅಭಿಪ್ರಾಯ. ಆಗಲೇ ಹೇಳಿದ ಅಮೆರಿಕದ ವಿಮಾ ಅಧ್ಯಯನದಲ್ಲಿ ಕೀಳಬೇಕಾಗಿ ಬಂದ ಹಲ್ಲುಗಳಲ್ಲಿ ಶೇ 85ಕ್ಕೆ ಪೂರ್ಣ ಕ್ಯಾಪ್ ಇರಲಿಲ್ಲ.

ಕ್ಯಾಪ್ ಇಲ್ಲದ ದವಡೆ ಹಲ್ಲಿನ ಇನ್ನೊಂದು ಗತಿ ಸೀಳುವುದು. ಹುಳುಕು ತಿಂದು, ಡ್ರಿಲ್ ಕೊರೆದು ಉಳಿದ ಗೋಡೆಗಳು ತೆಳುವಾಗಿರುತ್ತವೆ. ಒಂದು ಚಕ್ಕುಲಿ, ಒಂದು ಅಡಿಕೆ ಹೋಳು ಸಾಕು. ಸೀಳು ಮೇಲ್ಭಾಗದಲ್ಲಷ್ಟೇ ಇದ್ದರೆ ಕಟ್ಟಬಹುದು. ಬೇರಿನುದ್ದಕ್ಕೂ ಸೀಳಿದ ಹಲ್ಲನ್ನು, ಒಳಗಿನ ಚಿಕಿತ್ಸೆ ಎಷ್ಟೇ ಅಚ್ಚುಕಟ್ಟಾಗಿದ್ದರೂ, ಉಳಿಸಲು ಇಂದಿಗೂ ನೆಚ್ಚಬಹುದಾದ ದಾರಿಯಿಲ್ಲ.

ಹಲ್ಲೇ ಬೇರೆ, ರೋಗವೇ ಬೇರೆ

ಕೆಲವು ಸಲ ಚಿಕಿತ್ಸೆ ಕೆಟ್ಟಿರುವುದಿಲ್ಲ. ಅದು ಬೇಕಾಗಿಯೇ ಇರಲಿಲ್ಲ. ತಿರುಳಿನ ನೋವು ಯಾವ ಹಲ್ಲಿನದು ಎಂದು ರೋಗಿಗೆ ನಿಖರವಾಗಿ ಹೇಳಲಾಗುವುದಿಲ್ಲ. ಕೆಳಗಿನ ಹಲ್ಲಿನ ನೋವು ಮೇಲೆ ಕಾಣಿಸಿಕೊಳ್ಳಬಹುದು. ಸೈನಸ್ ಊತ ಮೇಲ್ದವಡೆಯ ಹಲ್ಲುಗಳೆಲ್ಲ ನೋಯುವಂತೆ ಮಾಡುತ್ತದೆ. ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂಬ ನರದ ಕಾಯಿಲೆಯಲ್ಲಿ ಮುಖ ತೊಳೆದರೂ ಕರೆಂಟ್ ಹೊಡೆದಂತೆ ನೋವು ಮಿಂಚುತ್ತದೆ. ಅಂಥವರು ಒಂದಾದ ಮೇಲೊಂದು ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ, ಕೀಳಿಸಿ, ಕೊನೆಗೆ ನರರೋಗ ತಜ್ಞರನ್ನು ತಲುಪುವುದು ವೈದ್ಯಕೀಯ ಲೋಕಕ್ಕೆ ಪರಿಚಿತ ಕಥೆ. ಹೃದಯದ ನೋವೂ ಎಡದವಡೆಯಲ್ಲಿ ಕಾಣಿಸಿಕೊಳ್ಳಬಲ್ಲದು. ನಡೆದಾಗ ಬಂದು ಕೂತಾಗ ಇಳಿಯುವ ದವಡೆ ನೋವಿಗೆ ಮೊದಲು ಇಸಿಜಿ ಬೇಕು. ತಣ್ಣನೆಯ ಪರೀಕ್ಷೆ, ತಟ್ಟಿ ನೋಡುವುದು, ಎಕ್ಸ್‌ರೇ ಇವಿಷ್ಟೂ ಒಂದೇ ಹಲ್ಲಿನ ಕಡೆ ಕೈತೋರದಿದ್ದರೆ ಕಾಯುವುದೂ ಒಂದು ಚಿಕಿತ್ಸೆ.

ಭಯ ಎಲ್ಲಿ ಸಲ್ಲದು, ಎಲ್ಲಿ ಸಲ್ಲುತ್ತದೆ

ರೂಟ್ ಕೆನಾಲ್ ಮಾಡಿಸಿದ ಹಲ್ಲಿನಿಂದ ಕ್ಯಾನ್ಸರ್ ಬರುತ್ತದೆ, ಹೃದಯ ಕೆಡುತ್ತದೆ ಎಂಬ ವಾಟ್ಸಾಪ್ ಸಂದೇಶಗಳಿಗೆ ನೂರು ವರ್ಷದ ಇತಿಹಾಸವಿದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಂಟರ್ 1910ರಲ್ಲಿ ಮಾಂಟ್ರಿಯಲ್‌ನಲ್ಲಿ ಮಾಡಿದ ಭಾಷಣ, 1920ರ ದಶಕದಲ್ಲಿ ಅಮೆರಿಕದ ವೆಸ್ಟನ್ ಪ್ರೈಸ್ ನಡೆಸಿದ ಪ್ರಯೋಗಗಳು ಈ ನಂಬಿಕೆಗೆ ಬಲ ಕೊಟ್ಟವು. ಅಸಂಖ್ಯ ಹಲ್ಲುಗಳನ್ನು ಸುಮ್ಮನೆ ಕಿತ್ತರು. ಪ್ರೈಸ್ ಅವರ ಪ್ರಯೋಗ ವಿಧಾನವೇ ಸರಿಯಿರಲಿಲ್ಲ ಎಂಬುದು ಮುಂದಿನ ದಶಕಗಳಲ್ಲಿ ಸ್ಪಷ್ಟವಾಯಿತು. ಇದೇ ವಾದವನ್ನು ಹೊಸದಾಗಿ ಮಂಡಿಸಿದ ‘ರೂಟ್ ಕಾಸ್’ ಎಂಬ ಚಿತ್ರವನ್ನು ದಂತವೈದ್ಯ ಸಂಘಟನೆಗಳ ಆಕ್ಷೇಪದ ನಂತರ 2019ರಲ್ಲಿ ನೆಟ್‌ಫ್ಲಿಕ್ಸ್ ತೆಗೆದುಹಾಕಿತು.

ಭಯಪಡಬೇಕಾದದ್ದು ಬೇರೆ. ಕೆಳದವಡೆಯ ಸೋಂಕು ನಾಲಿಗೆಯ ಅಡಿ, ಗಲ್ಲದ ಕೆಳಗೆ ಎರಡೂ ಕಡೆ ಹರಡುವ ಸ್ಥಿತಿಯನ್ನು ಜರ್ಮನಿಯ ವಿಲ್ಹೆಲ್ಮ್ ಫ್ರೆಡ್ರಿಕ್ ಫಾನ್ ಲುಡ್ವಿಗ್ 1836ರಲ್ಲೇ ವಿವರಿಸಿದರು. ಅದಕ್ಕೆ ಲುಡ್ವಿಗ್ಸ್ ಆಂಜೈನಾ ಎಂದೇ ಹೆಸರು. ನಾಲಿಗೆ ಮೇಲೆ ಹಿಂದೆ ಸರಿದು ಉಸಿರು ಕಟ್ಟುತ್ತದೆ. ಜ್ವರ, ಬಾಯಿ ತೆರೆಯಲಾಗದಿರುವುದು, ಎಂಜಲು ನುಂಗಲು ಕಷ್ಟ, ಗಲ್ಲದಡಿ ಗಟ್ಟಿ ಬಾವು ಇವು ಕಂಡರೆ ಕ್ಲಿನಿಕ್ ತೆರೆಯುವವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಓಡಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಈ ಎಚ್ಚರ ಎರಡು ಪಟ್ಟು.

ಹಾಗೆಂದು ಪ್ರತಿ ಹಲ್ಲುನೋವಿಗೂ ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ತಂದು ನುಂಗುವುದು ಪರಿಹಾರವಲ್ಲ. ಊದಿದ ತಿರುಳಿನ ನೋವಿಗೆ ಅದು ಕೆಲಸ ಮಾಡುವುದಿಲ್ಲ. ಸತ್ತ ತಿರುಳಿಗೆ ರಕ್ತವೇ ಹರಿಯದಿರುವಾಗ ಮಾತ್ರೆಯೂ ತಲುಪುವುದಿಲ್ಲ. ಹೆಚ್ಚಿನ ಹಲ್ಲುನೋವುಗಳಿಗೆ ಆ್ಯಂಟಿಬಯಾಟಿಕ್ ಬೇಡ, ಹಲ್ಲಿಗೇ ಚಿಕಿತ್ಸೆ ಬೇಕು ಎಂಬುದು ಅಮೆರಿಕನ್ ಡೆಂಟಲ್ ಅಸೋಸಿಯೇಷನ್ನಿನ 2019ರ ಮಾರ್ಗಸೂಚಿ. ಸೋಂಕು ದೇಹಕ್ಕೆ ಹರಡುತ್ತಿದ್ದರೆ ಮಾತ್ರ ಅದರ ಅಗತ್ಯ.

ಸರಿಪಡಿಸುವ ದಾರಿಗಳು

ಕೆಟ್ಟ ರೂಟ್ ಕೆನಾಲ್ ಎಂದರೆ ಹಲ್ಲು ಹೋಯಿತೆಂದೇ ಅಲ್ಲ. ಮೊದಲ ದಾರಿ ಮರುಚಿಕಿತ್ಸೆ: ಕ್ಯಾಪ್ ತೆಗೆದು, ಹಳೆಯ ಗಟಾಪರ್ಚಾ ಕರಗಿಸಿ, ಬಿಟ್ಟ ನಾಳ ಹುಡುಕಿ, ಮತ್ತೆ ತೊಳೆದು ತುಂಬುವುದು. ಮೊದಲನೆಯದಕ್ಕಿಂತ ಕಷ್ಟದ ಕೆಲಸವಾದ್ದರಿಂದ ಎಂಡಿಎಸ್ (ದಂತವೈದ್ಯಕೀಯ ಸ್ನಾತಕೋತ್ತರ ಪದವಿ) ಮಾಡಿದ ಎಂಡೊಡಾಂಟಿಸ್ಟ್ ಕೈಗೆ ಒಪ್ಪಿಸುವುದು ಲೇಸು. ಎರಡನೆಯದು ಅಪಿಕೋಎಕ್ಟಮಿ: ಒಸಡು ಬಿಡಿಸಿ, ಬೇರಿನ ತುದಿಯ ಸುಮಾರು ಮೂರು ಮಿಲಿಮೀಟರ್ ಕತ್ತರಿಸಿ, ಆ ಕಡೆಯಿಂದ ಮುಚ್ಚುವ ಸಣ್ಣ ಶಸ್ತ್ರಚಿಕಿತ್ಸೆ. ಮೂರನೆಯದು ಕೆಲವೇ ಹಲ್ಲುಗಳಿಗೆ ಹೊಂದುವಂಥದ್ದು. ಹಲ್ಲನ್ನು ಜೋಪಾನವಾಗಿ ಕಿತ್ತು, ಹೊರಗೇ ಸರಿಪಡಿಸಿ, ನಿಮಿಷಗಳೊಳಗೆ ಅದೇ ಗುಳಿಯಲ್ಲಿ ಕೂರಿಸುವುದು. ಇವು ಯಾವುವೂ ಆಗದಿದ್ದರೆ ಕೀಳಿಸಿ, ಬ್ರಿಡ್ಜ್, ಇಂಪ್ಲಾಂಟ್ ಅಥವಾ ತೆಗೆದಿಡುವ ಹಲ್ಲಿನ ಸೆಟ್ಟು. ಎಲುಬು ಸವೆತಕ್ಕೆ ಬಿಸ್‌ಫಾಸ್ಫೊನೇಟ್ ಮಾತ್ರೆ ಅಥವಾ ಚುಚ್ಚುಮದ್ದು ಪಡೆಯುತ್ತಿರುವ ಹಿರಿಯರು ಅದನ್ನು ಮೊದಲೇ ಹೇಳಬೇಕು. ಅವರಿಗೆ ಕೀಳಿಸುವುದರಿಂದ ದವಡೆ ಎಲುಬು ಮಾಯದೆ ಉಳಿಯುವ ಅಪಾಯವಿದೆ, ಹಲ್ಲು ಉಳಿಸಿಕೊಳ್ಳುವುದೇ ಮೇಲು.

ಖರ್ಚಿನ ಲೆಕ್ಕ

ದರಗಳು ಊರಿನಿಂದ ಊರಿಗೆ, ಬೀದಿಯಿಂದ ಬೀದಿಗೆ ಬೇರೆ. ಬೆಂಗಳೂರಿನಂಥ ನಗರದ ಮಧ್ಯಮ ದರ್ಜೆಯ ಖಾಸಗಿ ಕ್ಲಿನಿಕ್ಕಿನಲ್ಲಿ ದವಡೆ ಹಲ್ಲಿನ ರೂಟ್ ಕೆನಾಲ್‌ಗೆ ಸುಮಾರು 5,000, ಸಾಧಾರಣ ಮೆಟಲ್-ಸೆರಾಮಿಕ್ ಕ್ಯಾಪ್‌ಗೆ ಸುಮಾರು 5,000 ರೂಪಾಯಿ ಎಂದಿಟ್ಟುಕೊಳ್ಳೋಣ. ಎಲ್ಲ ಸರಿಹೋದರೆ 10,000ಕ್ಕೆ ಕೆಲಸ ಮುಗಿಯಿತು. ಕೆಟ್ಟರೆ, ಮರುಚಿಕಿತ್ಸೆಯ ದರ ಮೊದಲನೆಯದಕ್ಕಿಂತ ಹೆಚ್ಚು. ಸುಮಾರು 8,000 ಎನ್ನೋಣ. ತೆಗೆಯುವಾಗ ಹಳೆಯ ಕ್ಯಾಪ್ ಒಡೆಯುವುದರಿಂದ ಮತ್ತೊಂದಕ್ಕೆ 5,000. ಸ್ಕ್ಯಾನ್ ಬೇಕಾದರೆ ಇನ್ನೊಂದೆರಡು ಸಾವಿರ. ಮೊತ್ತ 25,000ದ ಹತ್ತಿರ ಬಂತು. ಅದೂ ಸೋತು ಇಂಪ್ಲಾಂಟ್ ಹಾಕಿಸಬೇಕಾದರೆ ಮತ್ತೆ 30,000ಕ್ಕೆ ಕಡಿಮೆಯಿಲ್ಲ. 5,000 ಉಳಿಸಲು ಕ್ಯಾಪ್ ಬಿಟ್ಟವರು ಒಂದೇ ಹಲ್ಲಿಗೆ ಅರ್ಧ ಲಕ್ಷ ಸುರಿಯುವ ಲೆಕ್ಕ ಹೀಗೆ ಹುಟ್ಟುತ್ತದೆ. ದಿನಗೂಲಿ ಬಿಟ್ಟು ನಾಲ್ಕೈದು ಸಲ ಪಟ್ಟಣಕ್ಕೆ ಬಸ್ಸು ಹತ್ತುವ ಹಳ್ಳಿಯವರ ನಷ್ಟ ಈ ಮೊತ್ತದಲ್ಲಿ ಸೇರಿಲ್ಲ.

ವಿಮೆಯಿಂದ ನೆರವು ಅಷ್ಟಕ್ಕಷ್ಟೆ. ಅಪಘಾತದಿಂದ ಆದ ಗಾಯಕ್ಕೆ ಬಿಟ್ಟರೆ ಹೊರರೋಗಿಯಾಗಿ ಮಾಡಿಸುವ ಹಲ್ಲಿನ ಚಿಕಿತ್ಸೆಯನ್ನು ನಮ್ಮ ಬಹುತೇಕ ಆರೋಗ್ಯ ವಿಮೆಗಳು ಹೊರಗಿಟ್ಟಿವೆ. ಸರ್ಕಾರದ ಆದ್ಯತೆಯೂ ವಿಚಿತ್ರ. ಕರ್ನಾಟಕದ ‘ದಂತಭಾಗ್ಯ’ ಯೋಜನೆ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುತ್ತದೆ. ಹಲ್ಲುಗಳೆಲ್ಲ ಹೋದ ಮೇಲೆ ಸಿಗುವ ನೆರವು ಅದು. ಇರುವ ಹಲ್ಲು ಉಳಿಸಲು ಅಂಥದ್ದೊಂದು ವ್ಯಾಪಕ ಯೋಜನೆ ಕಾಣುವುದಿಲ್ಲ.

ಕಡಿಮೆ ಖರ್ಚಿನ ನಿಜವಾದ ದಾರಿ ನಮ್ಮ ಕಣ್ಣೆದುರೇ ಇದೆ. ದೇಶದಲ್ಲಿ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕ ಮುಂಚೂಣಿಯಲ್ಲಿದೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, ಮಣಿಪಾಲ, ಮಂಗಳೂರು, ದಾವಣಗೆರೆ, ಧಾರವಾಡ, ಬೆಳಗಾವಿ, ಮೈಸೂರಿನ ಕಾಲೇಜುಗಳಲ್ಲಿ ಎಂಡೊಡಾಂಟಿಕ್ಸ್ ವಿಭಾಗಗಳಿವೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ನಿಗಾದಲ್ಲಿ ಖಾಸಗಿ ದರದ ಒಂದು ಭಾಗಕ್ಕೇ ಮರುಚಿಕಿತ್ಸೆ ಮಾಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಹಲವು ಸಲ ಹೋಗಬೇಕಾಗುತ್ತದೆ. ಕ್ಲಿಷ್ಟ ಹಲ್ಲಿಗೆ ಈ ನಿಧಾನವೇ ಬೇಕಾದದ್ದು.

ಅಮೆರಿಕ, ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರು ರಜೆಗೆ ಬಂದಾಗ ಹಲ್ಲಿನ ಕೆಲಸ ಮುಗಿಸಿಕೊಂಡು ಹೋಗುವುದುಂಟು. ದರದ ಅಂತರ ನೋಡಿದರೆ ಅದು ಸಹಜವೂ ಹೌದು. ಆದರೆ ವಿಮಾನ ಹತ್ತುವ ಹಿಂದಿನ ದಿನ ಕ್ಯಾಪ್ ಕೂರಿಸಿಕೊಂಡವರಿಗೆ ಹತ್ತು ದಿನದ ನಂತರ ಬಾವು ಬಂದರೆ ತೋರಿಸಲು ಆ ವೈದ್ಯರಿಲ್ಲ. ಅಲ್ಲಿನ ಮರುಚಿಕಿತ್ಸೆ ಇಲ್ಲಿ ಉಳಿಸಿದ್ದನ್ನೆಲ್ಲ ನುಂಗಬಹುದು. ರಜೆಯ ಮೊದಲ ವಾರದಲ್ಲೇ ಶುರುಮಾಡಿ, ಎಕ್ಸ್‌ರೇ ಪ್ರತಿಗಳನ್ನು ಜತೆಗೆ ಒಯ್ಯುವುದು ಕನಿಷ್ಠ ಎಚ್ಚರ.

ಹೊಣೆ ಯಾರದು

ಇಲ್ಲಿ ಒಂದು ಗೆರೆ ಎಳೆಯಬೇಕು. ಫಲಿತಾಂಶ ಕೆಟ್ಟಿತೆಂದ ಮಾತ್ರಕ್ಕೆ ವೈದ್ಯರು ನಿರ್ಲಕ್ಷ್ಯ ಮಾಡಿದರೆಂದಾಗುವುದಿಲ್ಲ. ಸಾಮಾನ್ಯ ಕೌಶಲವಿರುವ ವೈದ್ಯರು ವಹಿಸಬೇಕಾದ ಎಚ್ಚರ ವಹಿಸಿದ್ದರೆ ಸಾಕು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಬಾಗಿದ ನಾಳದಲ್ಲಿ ಫೈಲು ಮುರಿಯುವುದು ಒಳ್ಳೆಯ ವೈದ್ಯರ ಕೈಯಲ್ಲೂ ಆಗುತ್ತದೆ. ಆದರೆ ಮುರಿದದ್ದನ್ನು ರೋಗಿಗೆ ಹೇಳದೆ, ಕೇಸ್ ಶೀಟಿನಲ್ಲಿ ಬರೆಯದೆ, ಮೇಲೆ ಕ್ಯಾಪ್ ಕೂರಿಸಿ ಕಳಿಸುವುದು ತೊಡಕಲ್ಲ, ತಪ್ಪು. ರಂಧ್ರಕ್ಕೂ ಮರಗಟ್ಟಿದ ತುಟಿಗೂ ಇದೇ ಮಾತು ಅನ್ವಯ, ಏಕೆಂದರೆ ಇವೆಲ್ಲವೂ ಬೇಗ ತಿಳಿದರೆ ಸರಿಹೋಗುವ ಸಾಧ್ಯತೆ ಹೆಚ್ಚಿರುವ ತೊಂದರೆಗಳು. ಮೌನಕ್ಕೆ ಬೆಲೆ ತೆರುವುದು ರೋಗಿಯ ಹಲ್ಲು. ಚಿಕಿತ್ಸೆಯ ಸ್ವರೂಪ, ಅಪಾಯ, ಪರ್ಯಾಯಗಳನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದು 2008ರ ಸಮೀರಾ ಕೊಹ್ಲಿ ತೀರ್ಪು ಹೇಳಿದೆ.

ದುಡ್ಡು ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನವಾಯಿತು. ತೊಂದರೆಯಾದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ. ಹಲ್ಲಿನ ವ್ಯಾಜ್ಯಗಳು ಬಹುತೇಕ ಈ ಮಿತಿಯೊಳಗೇ ಬರುತ್ತವೆ. ವೃತ್ತಿನಡತೆಯ ದೂರಿಗೆ ರಾಜ್ಯ ದಂತ ಪರಿಷತ್ತು ಇದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕುರಿತ 2007ರ ಕರ್ನಾಟಕದ ಕಾಯ್ದೆಯ ಪ್ರಕಾರ ಕ್ಲಿನಿಕ್ಕುಗಳು ನೋಂದಣಿಯಾಗಿರಬೇಕು, ದರಪಟ್ಟಿ ಪ್ರದರ್ಶಿಸಬೇಕು. ಎಲ್ಲ ಕಡೆಯೂ ನಿಲ್ಲುವುದು ದಾಖಲೆಯೇ: ಬಿಲ್ಲು, ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಎಕ್ಸ್‌ರೇ, ಎರಡನೆಯ ವೈದ್ಯರು ಬರೆದುಕೊಟ್ಟ ಅಭಿಪ್ರಾಯ. ಆದರೆ ಆಯೋಗದ ಮೆಟ್ಟಿಲೇರುವ ಮುನ್ನ ಅದೇ ವೈದ್ಯರೊಡನೆ ಕೂತು ಮಾತಾಡುವುದು ಒಳಿತು. ಎಷ್ಟೋ ವೈದ್ಯರು ತಮ್ಮ ಖರ್ಚಿನಲ್ಲೇ ಮತ್ತೆ ಮಾಡಿಕೊಡುತ್ತಾರೆ, ಇಲ್ಲವೆ ತಜ್ಞರ ಬಳಿ ಕಳಿಸುತ್ತಾರೆ.

ಕೊನೆಯ ಮಾತು

ಒಟ್ಟು ನೋಡಿದರೆ ರೂಟ್ ಕೆನಾಲ್ ನಂಬಬಹುದಾದ ಚಿಕಿತ್ಸೆ. ಅದನ್ನು ಕೆಡಿಸುವುದು ಹೆಚ್ಚಾಗಿ ದುರದೃಷ್ಟವಲ್ಲ, ಅವಸರ ಮತ್ತು ಅರೆಕೆಲಸ. ಅವಸರದ ಪಾಲು ವೈದ್ಯರದು: ಹುಡುಕದೆ ಬಿಟ್ಟ ನಾಳ, ಹಾಕದೆ ಬಿಟ್ಟ ರಬ್ಬರ್ ಡ್ಯಾಮ್, ಹೇಳದೆ ಬಿಟ್ಟ ಮಾತು. ಅರೆಕೆಲಸದ ಪಾಲು ನಮ್ಮದು: ಹಾಕಿಸದೆ ಬಿಟ್ಟ ಕ್ಯಾಪ್, ತೆಗೆಸದೆ ಬಿಟ್ಟ ಒಂದು ವರ್ಷದ ಎಕ್ಸ್‌ರೇ.

ಆದ್ದರಿಂದ ಕುರ್ಚಿಯಲ್ಲಿ ಕೂರುವ ಮೊದಲು ಸಂಕೋಚವಿಲ್ಲದೆ ಕೇಳಿ: ಈ ಹಲ್ಲೇ ಎಂದು ಹೇಗೆ ಖಚಿತವಾಯಿತು? ಎಷ್ಟು ನಾಳಗಳಿವೆ? ರಬ್ಬರ್ ಡ್ಯಾಮ್ ಹಾಕುತ್ತೀರಾ? ಕ್ಯಾಪ್ ಸೇರಿ ಒಟ್ಟು ಖರ್ಚೆಷ್ಟು, ಕೆಟ್ಟರೆ ಏನು ಮಾಡುತ್ತೀರಿ? ಮುಗಿದ ಮೇಲೆ ಎಕ್ಸ್‌ರೇ ಪ್ರತಿ ಕೇಳಿ ಪಡೆಯಿರಿ. ಕೈಯಲ್ಲಿ ಕ್ಯಾಪ್‌ಗೆ ಆಗುವಷ್ಟು ಹಣವಿಲ್ಲದಿದ್ದರೆ ಅದನ್ನು ಮೊದಲೇ ಹೇಳಿ, ಹತ್ತಿರದ ದಂತ ಕಾಲೇಜಿನ ದಾರಿ ಹಿಡಿಯಿರಿ. ನಾಳ ತುಂಬಿಸಿ ಕ್ಯಾಪ್ ಹಾಕಿಸದ ಹಲ್ಲು ಈಗಲೂ ನಿಮ್ಮ ಬಾಯಲ್ಲಿದ್ದರೆ, ಅದು ನೋಯದಿದ್ದರೂ ಸರಿ, ಈ ವಾರವೇ ತೋರಿಸಿಕೊಳ್ಳಿ.